ಬೈದು ಕೊಂಡ ಕಾರು

ನಮ್ಮ ಮನೆಯಲ್ಲಿ ನಾನು ಬೈಯದೆ ಕೊಂಡ ವಸ್ತು ಒಂದೂ ಇಲ್ಲ. ಕಪಾಟನ್ನು ತಗಡಿನ ಡಬ್ಬಿ ಎಂದು ಬೈದು ತಂದೆ. ಮಿಕ್ಸರಿಗೆ ಗಂಟಲು ಕೆಟ್ಟಿದೆ ಎಂದು ಬೈದು ತಂದೆ. ಹಜಾರದ ಸೋಫಾದಲ್ಲಿ ಕುಳಿತು, "ಇದರ ಮೇಲೆ ಕೂತ್ರೆ ಎಬ್ಬಿಸುಕೆ ಜನ ಕರಿಬೇಕು" ಎಂದು ಅಂಗಡಿಯವನ ಮುಖಕ್ಕೇ ಹೇಳಿ, ಮರುದಿನ ಅದೇ ಸೋಫಾವನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಬಂದೆ. ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಹೊನ್ನಾವರದ ಮೀನುಪೇಟೆಯಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಬಂಗಡೆಯ ಬುಟ್ಟಿ ನೋಡಿ, "ವಾವ್, ಎಷ್ಟು ಫ್ರೆಶ್ ಇದೆ ಅಲ್ವಾ!" ಎಂದುಬಿಟ್ಟಳು. ಮೀನಿನವಳ ಕೈ ಅಲ್ಲೇ ನಿಂತಿತು. ಅವಳ ಮುಖದಲ್ಲಿ ಲಾಭದ ಖುಷಿಗಿಂತ ಕನಿಕರವೇ ಹೆಚ್ಚಿತ್ತು. ದರ ಹೇಳಿದಳು, ಹುಡುಗಿ ಫೋನು ತೋರಿಸಿ ದುಡ್ಡು ಹಾಕಿ ನಗುತ್ತಾ ಹೋದಳು.

"ಎಂತ ಜನ ಅಕ್ಕಾ, ಮಾತೇ ಆಡುದಿಲ್ಲ" ಎಂದು ಮೀನಿನವಳು ನನ್ನ ಹತ್ತಿರ ದೂರು ಹೇಳಿದಳು. ಅವಳನ್ನು ಸಮಾಧಾನ ಮಾಡಬೇಕಲ್ಲ. ಒಂದು ಬಂಗಡೆ ಎತ್ತಿ ಹಿಡಿದು, "ಇದು ನಿನ್ನೆದಾ, ಮೊನ್ನೆದಾ?" ಎಂದು ಕೇಳಿದೆ. ಅವಳ ಮುಖ ಅರಳಿತು.

ಈ ವಿದ್ಯೆ ನನಗೆ ಅಮ್ಮನಿಂದ ಬಂದದ್ದು. ಚಿಕ್ಕವಳಿದ್ದಾಗ ಚೀಲ ಹಿಡಿಯಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಮಾವಿನಕುರ್ವೆಯಿಂದ ದೇವಮ್ಮ ಎಂಬವಳು ಬುಟ್ಟಿ ಹೊತ್ತುಕೊಂಡು ಬರುತ್ತಿದ್ದಳು. ಅಮ್ಮ ಬೇರೆ ಎಲ್ಲರ ಬುಟ್ಟಿಯನ್ನೂ ಸುಮ್ಮನೆ ದಾಟಿ ದೇವಮ್ಮನ ಎದುರಿಗೇ ಹೋಗಿ ನಿಲ್ಲುವಳು. ಆದರೆ ಬೇಕಾದ ಮೀನನ್ನು ನೋಡುತ್ತಲೇ ಇರಲಿಲ್ಲ. ತಾರ್ಲೆ ಬೇಕಾದರೆ ಸಿಗಡಿಯ ದರ ಕೇಳುವಳು. ಆಮೇಲೆ ಏನೋ ಕಾಲಿಗೆ ತಾಗಿತು ಎಂಬಂತೆ ತಾರ್ಲೆಯ ಕಡೆ ತಿರುಗಿ, ಒಂದರ ಕಿವಿ ಎತ್ತಿ ನೋಡಿ, ಮೂಗು ಮುರಿದು, "ಇದೆಂತ ಮಾರಾಯ್ತಿ, ಹೋದ ವರ್ಷ ಸತ್ತದ್ದಲ್ದಾ?" ಎನ್ನುವಳು.

"ನಿನ್ ಕಣ್ಣಿಗೆ ಎಂತ ಆಗದೆ? ಬುಟ್ಟಿಯಿಂದ ಹಾರಿ ಓಡ್ತದೆ, ಹಿಡ್ಕೊ!" ಎನ್ನುವಳು ದೇವಮ್ಮ.

ಹೀಗೆ ಮೀನಿನಿಂದ ಶುರುವಾದದ್ದು ಮೀನಿನವಳ ತೂಕದ ಕಲ್ಲಿಗೆ, ಅಲ್ಲಿಂದ ಅವಳ ಗಂಡನಿಗೆ, ಅಲ್ಲಿಂದ ನನ್ನ ಅಪ್ಪನಿಗೆ ಹೋಗಿ ಮುಟ್ಟುತ್ತಿತ್ತು. ಕೊನೆಗೆ ಅಮ್ಮ ಒಂದು ದರ ಹೇಳಿ, ಸೆರಗು ಕೊಡವಿ ಹೊರಟುಬಿಡುವಳು. ನಾನು ಖಾಲಿ ಚೀಲ ಹಿಡಿದು ಹಿಂದೆ ಓಡಬೇಕು. "ತಿರುಗಿ ನೋಡ್ಬೇಡ" ಎಂದು ಹಲ್ಲು ಕಚ್ಚಿಕೊಂಡೇ ಹೇಳುವಳು. ಒಣಮೀನಿನ ಸಾಲು ಬರುವುದರೊಳಗೆ ಹಿಂದಿನಿಂದ ಕೂಗು ಬಂದೇ ಬರುತ್ತಿತ್ತು: "ಬಾರೇ, ತಕಂಡು ಹೋಗು, ನಿನ್ ಮಕ್ಕಳ ಮುಖ ನೋಡಿ ಕೊಡ್ತೆ." ತೂಕವಾದ ಮೇಲೆ ಕೊಸರು. ಕೊಸರೆಂದರೆ ವ್ಯಾಪಾರ ಮುಗಿದ ಮೇಲೆ ಮೇಲಿಂದ ಒಂದೆರಡು ಮೀನು ಸುಮ್ಮನೆ ಹಾಕುವುದು. ಅದನ್ನು ಕೇಳದಿದ್ದರೆ ದೇವಮ್ಮನಿಗೇ ಬೇಜಾರು.

ಒಮ್ಮೆ ಅಮ್ಮನಿಗೆ ಮಂಡಿನೋವು ಬಂದು ಎರಡು ವಾರ ಪೇಟೆಗೆ ಹೋಗಲಿಲ್ಲ. ಒಂದು ದಿನ ನೋಡಿದರೆ ದೇವಮ್ಮ ಬುಟ್ಟಿ ಸಮೇತ ನಮ್ಮ ಅಂಗಳದಲ್ಲಿ ಹಾಜರು. "ಎಂತದೇ ಇದು? ಬೈಯುಕೆ ಜನ ಇಲ್ದೆ ನನ್ ವ್ಯಾಪಾರವೇ ಹಾಳಾಗದೆ" ಎಂದು ಜಗಲಿಯ ಮೇಲೆ ಕುಳಿತಳು. ಅಮ್ಮ ಮಲಗಿದ್ದಲ್ಲಿಂದಲೇ ಬುಟ್ಟಿಯ ಕಡೆ ನೋಡಿ ಎರಡು ಮಾತು ಬೈದಳು. ಇಬ್ಬರಿಗೂ ಎಷ್ಟೋ ಹಗುರಾಯಿತು. ನನಗೆ ಆಗ ಅದು ಬರೀ ತಮಾಷೆಯಾಗಿ ಕಂಡಿತ್ತು.

ದೊಡ್ಡವಳಾದ ಮೇಲೆ ನಾನು ಕೌಂಟರಿನ ಆಚೆ ಬದಿಗೆ ಹೋದೆ. ಹೊನ್ನಾವರ ಪೇಟೆಯಲ್ಲಿ ನನ್ನದೊಂದು ಬ್ಲೌಸ್‌ಪೀಸಿನ ಅಂಗಡಿ ಇದೆ. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಮ್ಯಾಚಿಂಗ್ ಹುಡುಕುತ್ತಾ ಬರುವವರೇ ನನ್ನ ಗಿರಾಕಿಗಳು. "ಚಂದ ಅದೆ" ಎಂದು ನಗುವವರು ಪಕ್ಕದ ಅಂಗಡಿಗೆ ಹೋಗುತ್ತಾರೆ. "ಇದೆಂತ ಬಣ್ಣ, ಹುಣಸೆಹಣ್ಣು ಕಿವುಚಿದಾಂಗೆ!" ಎನ್ನುವವರನ್ನು ಕಂಡರೆ ನಾನು ಸುಮ್ಮನೆ ಮೀಟರ್ ಕಡ್ಡಿ ಕೈಗೆತ್ತಿಕೊಳ್ಳುತ್ತೇನೆ. ಈ ಒಂದು ಗುಟ್ಟಿನ ಮೇಲೆ ನನ್ನ ಅಂಗಡಿ ನಡೆದಿದೆ.

ಇಂಥ ಘರಾನೆಯಲ್ಲಿ ಬೆಳೆದ ನನಗೆ ದೇವರು ಕೊಟ್ಟ ಗಂಡ ಹೊಗಳುಭಟ. ಕುಮಟೆಯ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಊರೆಲ್ಲ ಮಾಸ್ತರು ಎನ್ನುತ್ತದೆ, ನಾನೂ ಹಾಗೇ ಎನ್ನುತ್ತೇನೆ. ನನ್ನನ್ನು ನೋಡಲು ಬಂದ ದಿನವೇ ಈ ಮನುಷ್ಯನ ಗುಣ ಗೊತ್ತಾಗಿತ್ತು. ಅತ್ತೆ ನನ್ನನ್ನು ಬುಡದಿಂದ ತುದಿಯವರೆಗೆ ನೋಡಿ, "ಎತ್ತರ ಸ್ವಲ್ಪ ಹೆಚ್ಚಾತು, ಬಣ್ಣ ಸ್ವಲ್ಪ ಕಮ್ಮಿ ಆತು" ಎಂದು ಶುರುಮಾಡಿದರು. ಅಮ್ಮನ ಕಣ್ಣು ಮಿನುಗಿತು, ಸರಿಯಾದ ಜೋಡಿ ಸಿಕ್ಕಿತೆಂದು. "ಹುಡುಗನ ಕಾಲು ಎಂತಕ್ಕೆ ಹಂಗೆ ಸೊಟ್ಟ?" ಎಂದು ತಾನೂ ಇಳಿದಳು. ಮದುವೆಯ ಖರ್ಚು ಯಾರದೆಷ್ಟು ಎಂಬ ಮಾತು ಇನ್ನೇನು ರಂಗೇರಬೇಕು, ಅಷ್ಟರಲ್ಲಿ ಮಾಸ್ತರು ಅವಲಕ್ಕಿಯನ್ನು ಹೊಗಳಿದರು, ಕಿಟಕಿಯ ಗಾಳಿಯನ್ನು ಹೊಗಳಿದರು, ಆಮೇಲೆ ನನ್ನನ್ನು ಹೊಗಳಿದರು. ಅದೇ ಕ್ರಮದಲ್ಲಿ. ಅತ್ತೆ ಅವರ ತೊಡೆ ಚಿವುಟಿದ್ದು ಬಾಗಿಲ ಸಂದಿಯಿಂದ ನನಗೇ ಕಂಡಿತು. ಕೆಲಸ ಕೆಟ್ಟುಹೋಗಿತ್ತು. ಅತ್ತೆ ಮದುವೆ ಖರ್ಚಿನ ಅರ್ಧ ಒಪ್ಪಿಕೊಂಡು ಎದ್ದರು.

ಇನ್ನು ಕಾರಿನ ವಿಷಯಕ್ಕೆ ಬರುತ್ತೇನೆ. ಬರುವ ಮೊದಲು ಒಂದು ಟೆಂಪೊ ಹತ್ತಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಕುಮಟೆಗೆ, ದಿನವೂ ಟೆಂಪೊದಲ್ಲಿ. ಅದರಲ್ಲಿ ಜಾಗ ತುಂಬಿತು ಎಂಬ ಮಾತೇ ಇರಲಿಲ್ಲ. ಕ್ಲೀನರು ಬಾಗಿಲಿಗೆ ಬಡಿದು "ಒಳಗೆ ಹೋಗಿ, ಒಳಗೆ ಖಾಲಿ ಅದೆ" ಎಂದು ಕೂಗುತ್ತಲೇ ಇರುತ್ತಿದ್ದ. ನನಗೆ ಸಿಗುತ್ತಿದ್ದದ್ದು ಡ್ರೈವರಿನ ಪಕ್ಕ ಇಂಜಿನ್ ಮುಚ್ಚಳದ ಮೇಲಿನ ಜಾಗ. ಕೆಳಗಿನಿಂದ ಬಿಸಿ, ಎಡಕ್ಕೆ ಯಾರದೋ ತೆಂಗಿನಕಾಯಿ ಚೀಲ, ಮಂಡಿ ಗಲ್ಲಕ್ಕೆ ತಾಗುವಂತೆ ಮಡಚಿಕೊಂಡು ಕುಳಿತರೆ ಕುಮಟೆಯಲ್ಲಿ ಇಳಿದ ಮೇಲೆ ಕಾಲು ನೆಟ್ಟಗಾಗಲು ಮೊದಲ ಪಾಠ ಮುಗಿಯಬೇಕಿತ್ತು. ಬಾಗಿಲು ಹಾಕಿದರೆ ಧಡಾರ್. ಹಾಕಿದ ಬಾಗಿಲು ಮುಂದಿನ ತಿರುವಿನಲ್ಲಿ ತಾನೇ ತೆರೆಯುವುದು, ಮತ್ತೆ ಧಡಾರ್.

ಒಂದು ದಿನ ಟೆಂಪೊದವರ ಮುಷ್ಕರ. ಬಸ್ಸು ನಿಲ್ಲಲೇ ಇಲ್ಲ. ನಾನು ಮತ್ತು ನನ್ನ ಗೆಳತಿ ರಸ್ತೆಯಂಚಿನಲ್ಲಿ ನಿಂತಿದ್ದಾಗ ಒಂದು ಬಿಳಿ ವಿದೇಶಿ ಕಾರು ಬಂದು ನಿಂತಿತು. ಒಳಗೆ ಗಂಡ ಹೆಂಡತಿ ಇಬ್ಬರು, ಯಾರೋ ಪರವೂರಿನವರು. "ಕಾಲೇಜಾ? ಹತ್ತಿ" ಎಂದರು. ಹತ್ತಿದೆವು. ಎಂಥ ಸೀಟು, ಎಂಥ ತಂಪು ಎಂದು ನನಗೆ ಈಗ ಒಂದೂ ನೆನಪಿಲ್ಲ. ನೆನಪಿರುವುದು ಬಾಗಿಲು. ಅಭ್ಯಾಸಬಲದಿಂದ ನಾನು ಟೆಂಪೊದ ಬಾಗಿಲು ಹಾಕುವಂತೆ ಎರಡೂ ಕೈಯಲ್ಲಿ ಎಳೆದೆ. ಅದು ಧಡಾರ್ ಎನ್ನಲೇ ಇಲ್ಲ. ಮೆಲ್ಲಗೆ "ಧಪ್" ಎಂದಿತು, ಅಷ್ಟೆ. ಅಕ್ಕಿ ತುಂಬಿದ ಮರದ ಕಣಜದ ಮುಚ್ಚಳ ಹಾಕಿದಾಗ ಬರುತ್ತದಲ್ಲ, ಆ ಸದ್ದು. ರಸ್ತೆಯ ಗಲಾಟೆಯೆಲ್ಲ ಹೊರಗೇ ಉಳಿಯಿತು. ಕುಮಟೆಯವರೆಗೂ ನಾನು ಕಾಲು ಚಾಚಿಕೊಂಡು ಕುಳಿತಿದ್ದೆ. ಇಳಿಯುವಾಗ ಇನ್ನೊಮ್ಮೆ ಆ ಸದ್ದು ಕೇಳಲಿಕ್ಕೆಂದೇ ಬಾಗಿಲನ್ನು ತೆರೆದು ಮತ್ತೆ ಹಾಕಿದೆ. ಅವತ್ತಿನಿಂದ ನನಗೆ ಅಂಥದೊಂದು ಕಾರು ಬೇಕಿತ್ತು. ಯಾರಿಗೂ ಹೇಳಲಿಲ್ಲ. ಬೇಕು ಎಂದು ಹೇಳಿದರೆ ದರ ಏರುತ್ತದೆ ಎಂದು ಕಲಿತವಳು ನಾನು.

ಮಾಸ್ತರು ನಿವೃತ್ತರಾದ ಮೇಲೆ ಕಾರಿನ ಮಾತು ಎದ್ದಿತು. ಅವರು ಸಣ್ಣದೊಂದು ಹೊಸ ಕಾರು ಎಂದರು. ನಾನು ಬ್ಲೌಸ್‌ಪೀಸು ಮಡಿಸುತ್ತಾ, "ಅದೇ ದುಡ್ಡಿಗೆ ಹಳೇ ದೊಡ್ಡದು ಸಿಗ್ತದಂತೆ" ಎಂದು ಗಾಳಿಯಲ್ಲಿ ಬಿಟ್ಟೆ. ಮಾಸ್ತರ ಹಳೆಯ ಶಿಷ್ಯ ಗಣಪತಿಗೆ ಕುಮಟೆಯಲ್ಲಿ ಗ್ಯಾರೇಜಿದೆ. ಅವನು ವಾರದೊಳಗೆ ಸುದ್ದಿ ತಂದ. ಭಟ್ಕಳದ ಹತ್ತಿರ ಜಾಲಿಯಲ್ಲಿ ಗಫೂರ್ ಸಾಹೇಬರು ಎಂಬವರಿದ್ದಾರೆ. ದುಬೈಯಲ್ಲಿ ದುಡಿದು ಬಂದವರು. ಹದಿನೈದು ವರ್ಷದ ಹತ್ತಿರ ಬಂದ ಜರ್ಮನ್ ಕಾರು, ಒಬ್ಬರೇ ಓಡಿಸಿದ್ದು. ಕಣ್ಣು ಮಂಜಾಗಿ ಡಾಕ್ಟರು ಇನ್ನು ಓಡಿಸಬೇಡಿ ಎಂದಿದ್ದಾರೆ. ಮಗ ಹೊಸ ಗಾಡಿ ತಂದಿದ್ದಾನೆ, ಶೆಡ್ಡು ಒಂದೇ. ಕೇಳುವುದು ಆರು ಲಕ್ಷ.

"ಆದ್ರೆ ಅಕ್ಕಾ, ಅವ್ರು ಸುಮಾರು ಜನರನ್ನ ವಾಪಸ್ ಕಳಿಸಿದಾರೆ, ಗಾಡಿನ ಚೊಲೋ ನೋಡ್ಕಂಬವ್ರಿಗೇ ಕೊಡುದಂತೆ" ಎಂದ ಗಣಪತಿ. "ಬಿಚ್ಚಿ ಪಾರ್ಟು ಮಾರುವವ ಒಬ್ಬ ಬಂದಿದ್ದ, ಅವ್ನಿಗೆ ಗೇಟೇ ತೆಗಿಲಿಲ್ಲಂತೆ."

ನಮ್ಮ ಹತ್ತಿರ ಇದ್ದದ್ದು ಐದು ಲಕ್ಷ. ಮಾಸ್ತರಿಗೆ ಗೊತ್ತಿದ್ದದ್ದು ಐದು ಲಕ್ಷ ಎನ್ನುವುದು ಇನ್ನೂ ಸರಿ. ಅಂಗಡಿಯಲ್ಲಿ ಉಳಿಸಿದ ಸ್ವಲ್ಪ ದುಡ್ಡು ನನ್ನ ಹೆಸರಿನಲ್ಲೇ ಬೇರೆ ಇತ್ತು. ಅದನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ ಎಂಬ ಧೈರ್ಯ. ಮೂರಕ್ಕೆ ಶುರುಮಾಡುವುದು, ನಾಲ್ಕೂವರೆಗೆ ಎಳೆಯುವುದು, ಉಳಿದದ್ದರಲ್ಲಿ ಟೈರು ಹಾಕಿಸುವುದು.

ಒಂದು ಭಾನುವಾರ ಗಣಪತಿಯ ಹಳೆಯ ವ್ಯಾನಿನಲ್ಲಿ ಹೊರಟೆವು. ಮಂಕಿ ದಾಟುವವರೆಗೂ ನಾನು ಇಬ್ಬರಿಗೂ ಪಾಠ ಮಾಡಿದೆ. ಗಣಪತಿ ಬಾನೆಟ್ ಎತ್ತಿದ ಕೂಡಲೇ "ಛೆ" ಅನ್ನಬೇಕು. ಆಮೇಲೆ ಏನು ಕೇಳಿದರೂ ತಲೆ ಅಲ್ಲಾಡಿಸಬೇಕು.

"ನಾನು?" ಎಂದರು ಮಾಸ್ತರು.

"ನೀವು ಬಾಯಿ ತೆಗಿಬಾರ್ದು. ತಡೀಲಿಕ್ಕೇ ಆಗುದಿಲ್ಲ ಅಂದ್ರೆ ಆಕಳಿಸಿ."

ಜಾಲಿಯ ಆ ಮನೆ ಜನರಿಂದ ತುಂಬಿತ್ತು. ಅಂಗಳದಲ್ಲಿ ಮಕ್ಕಳ ಸೈಕಲ್ಲು, ಮಹಡಿಯ ಕಟಾಂಜನದ ಮೇಲೆ ಒಣಗಿದ ಬಟ್ಟೆ, ಒಳಗೆ ಯಾರೋ ಯಾರನ್ನೋ ಅವರ ನವಾಯತಿ ಭಾಷೆಯಲ್ಲಿ ಗದರುವ ಸದ್ದು. ಗಫೂರ್ ಸಾಹೇಬರು ಬಿಳಿ ಲುಂಗಿ, ಬಿಳಿ ಅಂಗಿಯಲ್ಲಿ ಬಂದರು. ಬಂದವರೇ, "ಮೊದ್ಲು ಶರಬತ್ತು, ಆಮೇಲೆ ಗಾಡಿ" ಎಂದರು. ಶರಬತ್ತು ಬಂತು, ಖರ್ಜೂರ ಬಂತು, ಮನೆಯಲ್ಲೇ ಕಾಸಿದ ಹಲ್ವ ಬಂತು. ಹಲ್ವ ಬಾಯಿಗೆ ಹಾಕಿಕೊಂಡ ಮಾಸ್ತರು "ಆಹಾ" ಎನ್ನಲು ಹೊರಟು, ನನ್ನ ಮುಖ ನೋಡಿ, ದೊಡ್ಡದಾಗಿ ಆಕಳಿಸಿದರು. ಸಾಹೇಬರ ಹೆಂಡತಿ ಜುಲೇಖಾ ಬೀಬಿ ಒಂದು ಮಾರು ಭಟ್ಕಳ ಮಲ್ಲಿಗೆ ತಂದು ನನ್ನ ಕೈಗಿಟ್ಟರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ನನ್ನನ್ನು ಒಮ್ಮೆ ನಿಧಾನಕ್ಕೆ ನೋಡಿ ಒಳಗೆ ಹೋದರು.

ಶೆಡ್ಡಿನಲ್ಲಿ ಸಾಹೇಬರು ತಾವೇ ಹೊದಿಕೆ ತೆಗೆದರು. ಮಲಗಿದ ಮಗುವಿನ ಮೇಲಿಂದ ಸೊಳ್ಳೆಪರದೆ ತೆಗೆಯುವಷ್ಟು ಜಾಗ್ರತೆ. ಕಡುನೀಲಿ ಬಣ್ಣ, ಉದ್ದನೆಯ ಮೈ. ಇದೇ ಬೇಕು ಎಂದಿತು ಮನಸ್ಸು. ಎಂದದ್ದೇ ತಡ, ಬೈಯಲು ಶುರುಮಾಡಿದೆ.

"ಇದೆಂತ ಸಾಹೇಬ್ರೇ, ಬಣ್ಣ ಎಲ್ಲ ಹಾರಿಹೋಗದೆ?"

"ಎಲ್ಲಿ ಬಾಯೀ? ನೆರಳಲ್ಲೇ ಇಟ್ಟದ್ದು" ಎಂದು ಅವರು ಅಂಗಿಯ ತುದಿಯಿಂದ ಒರೆಸಿದರು.

ಹಿಂದಿನ ಎಡಗಡೆ ಸ್ವಲ್ಪ ಕುಸಿದಿತ್ತು. "ವಾತವಾ ಇದ್ಕೆ?" ಎಂದೆ. ಸೀಟಿನ ಚರ್ಮ ಒಂದು ಕಡೆ ಸೀಳಿತ್ತು. ಅದನ್ನು ಹರಿದ ಚಪ್ಪಲಿಗೆ ಹೋಲಿಸಿದೆ. ಮುಂದಿನ ವರ್ಷ ಆರ್‌ಸಿ ರಿನ್ಯೂ ಮಾಡಿಸಲು ಎಷ್ಟು ಓಡಾಡಬೇಕು ಎಂದು ಗೊಣಗಿದೆ. ಪೆಟ್ರೋಲು ಕುಡಿಯುವ ಲೆಕ್ಕದಲ್ಲಿ ಇದಕ್ಕಿಂತ ಆನೆ ಸಾಕುವುದು ವಾಸಿ ಎಂದೆ. ಬಾನೆಟ್ ಎತ್ತುವಂತೆ ಗಣಪತಿಗೆ ಕಣ್ಣು ಮಾಡಿದೆ. ಅವನು ಎತ್ತಿದ, ಒಳಗೆ ನೋಡಿದ, ಮತ್ತು ಆ ಪುಣ್ಯಾತ್ಮ "ಛೆ" ಎನ್ನುವ ಬದಲು ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡ. ಮಾಸ್ತರು ಬಿಡದೆ ಆಕಳಿಸುತ್ತಿದ್ದರು. "ಮಾಸ್ತರಿಗೆ ರಾತ್ರಿ ನಿದ್ದೆ ಆಗ್ಲಿಲ್ವಾ?" ಎಂದು ಸಾಹೇಬರು ಪಾಪ, ಚಹಾಕ್ಕೆ ಹೇಳಿಕಳಿಸಿದರು.

ಆಮೇಲೆ ನಾನು ಹಿಂದಿನ ಬಾಗಿಲು ತೆರೆದೆ. ಹಾಕಿದೆ.

ಧಪ್.

ಅದೇ ಸದ್ದು. ಜಾಲಿಯ ಆ ಶೆಡ್ಡಿನಲ್ಲಿ ನಾನು ಲಂಗ ದಾವಣಿಯ ಹುಡುಗಿಯಾಗಿ ನಿಂತುಬಿಟ್ಟೆ. ಅದನ್ನು ಮುಚ್ಚಿಕೊಳ್ಳಲು, "ಬಾಗಿಲೂ ಭಾರ" ಎಂದೆ. ಎಷ್ಟು ಭಾರ ಎಂದು ನೋಡಬೇಕಲ್ಲ, ಇನ್ನೊಮ್ಮೆ ಹಾಕಿದೆ. ಆಚೆ ಕಡೆಯ ಬಾಗಿಲಿನ ಭಾರವನ್ನೂ ನೋಡಿದೆ.

"ಕಡೇಗೆ ಎಷ್ಟು ಹೇಳ್ತೀರಿ?" ಎಂದು ಸಾಹೇಬರು ಕೇಳಿದರು. ಅವರ ದನಿ ಆಗಲೇ ಸಣ್ಣದಾಗಿತ್ತು. ನಾನು ಗಮನಿಸಲಿಲ್ಲ.

"ಮೂರು" ಎಂದೆ.

ದೇವಮ್ಮನಾಗಿದ್ದರೆ ಈ ಕ್ಷಣ ನನ್ನ ಏಳು ತಲೆಮಾರನ್ನು ಎಬ್ಬಿಸುತ್ತಿದ್ದಳು. ಸಾಹೇಬರು ಹಾಗೇನೂ ಮಾಡಲಿಲ್ಲ. ಹೊದಿಕೆಯ ಒಂದು ತುದಿ ಹಿಡಿದು ಕಾರಿನ ಮೇಲೆ ಎಳೆಯತೊಡಗಿದರು. "ಮೂರಕ್ಕೂ ಇಲ್ಲ, ಆರಕ್ಕೂ ಇಲ್ಲ ಬಾಯಿ. ನಿಮ್ಗೆ ಇಷ್ಟು ಬೇಜಾರು ಇರುವ ಗಾಡಿ ನಿಮ್ಗೆ ಕೊಟ್ರೆ ನಂಗೆ ನಿದ್ದೆ ಬರುದಿಲ್ಲ. ಚಹಾ ಕುಡ್ಕಂಡು ಹೋಗಿ."

ಇದೂ ಒಂದು ವರಸೆ ಎಂದು ನಾನು ಅಂದುಕೊಂಡೆ. ಸೆರಗು ಕೊಡವಿ ಹೊರಟೆ. ಹಿಂದೆ ಬರುತ್ತಿದ್ದ ಮಾಸ್ತರಿಗೆ "ತಿರುಗಿ ನೋಡ್ಬೇಡಿ" ಎಂದೆ. ಅಂಗಳ ದಾಟಿದೆ. ಕೂಗು ಬರಲಿಲ್ಲ. ಗೇಟು ತಲುಪಿದೆ. ಬರಲಿಲ್ಲ. ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿ ತೋಳಿನ ಸಂದಿಯಿಂದ ನೋಡಿದರೆ, ಸಾಹೇಬರು ಹೊದಿಕೆಯ ದಾರ ಕಟ್ಟುತ್ತಿದ್ದಾರೆ. ನಮ್ಮ ಕಡೆ ನೋಡುತ್ತಲೂ ಇಲ್ಲ. ಗಣಪತಿ ವ್ಯಾನಿನ ಬಾಗಿಲು ತೆರೆದು ನನಗಾಗಿ ಹಿಡಿದುಕೊಂಡ.

ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಿಂದಿನಿಂದ ಕೂಗು ಬಾರದೆ ಇದ್ದದ್ದಿಲ್ಲ. ಕೂಗು ಬಾರದಿದ್ದರೆ ಏನು ಮಾಡಬೇಕೆಂದು ಅಮ್ಮ ಕಲಿಸಿರಲೇ ಇಲ್ಲ. ನನಗೆ ಆ ಕಾರು ಬೇಕಿತ್ತು. ವಾತವಿದ್ದರೂ ಬೇಕಿತ್ತು, ಆನೆಯಷ್ಟು ಕುಡಿದರೂ ಬೇಕಿತ್ತು. ವಾಪಸ್ಸು ಹೋಗಿ ಹಾಗೆಂದು ಹೇಳುವ ಬದಲು ಚಪ್ಪಲಿಯ ಪಟ್ಟಿಯನ್ನೇ ಹಿಡಿದುಕೊಂಡು ಕುಳಿತ ನನ್ನನ್ನು ನೋಡಿ ಮಾಸ್ತರು, "ಕಾಲು ಉಳುಕಿತೇನೇ?" ಎಂದು ಮೆಲ್ಲಗೆ ಕೇಳಿದರು. ವ್ಯಾನು ಹತ್ತಿದೆ. ಬಾಗಿಲು ಧಡಾರ್ ಎಂದಿತು. ಅಳು ಬಂತು.

"ಹೋಯ್ ಬಾಯೀ, ಮಲ್ಲಿಗೆ ಬಿಟ್ಟು ಹೋದ್ರಲ್ಲ!"

ಮಹಡಿಯ ಕಿಟಕಿಯಲ್ಲಿ ಜುಲೇಖಾ ಬೀಬಿ. ನಾನು ವ್ಯಾನಿನಿಂದ ಇಳಿದ ವೇಗಕ್ಕೆ ಮಾಸ್ತರಿಗೆ ನನ್ನ ಕಾಲಿನ ಮೇಲಿದ್ದ ಅನುಮಾನವೆಲ್ಲ ಹೋಗಿರಬೇಕು.

ಅವರು ನನ್ನನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು. ಮಲ್ಲಿಗೆಯನ್ನು ತಾವೇ ಮುಡಿಸಿದರು. ಮಡಕೆಯ ಮುಚ್ಚಳ ತೆಗೆದು ಸಾರು ಕೈಯಾಡಿಸುತ್ತಾ, "ಭಟ್ಕಳ ಪೇಟೆಲಿ ಮೀನು ತಕಂಬುದು ನಾನೇ" ಎಂದರು. "ಸೊಸೆಯರಿಗೆ ಬರುದಿಲ್ಲ. ಹೋಗ್ತಾರೆ, ಚೊಲೋ ಅದೆ ಅಂತಾರೆ, ಹೇಳಿದಷ್ಟು ಕೊಟ್ಟು ಬತ್ತಾರೆ."

ನಾನು ಮುಡಿದ ಮಲ್ಲಿಗೆ ಸರಿಮಾಡಿಕೊಂಡೆ.

"ಬೇಡಾದವ್ರು ಮೀನಿನ ಕಿವಿ ಎತ್ತಿ ನೋಡ್ತಾರಾ? ನಾನು ಕಿಟಕಿಲೇ ಇದ್ದೆ. ಇಷ್ಟು ಜನ ಬಂದ್ರು, ಎಲ್ರೂ ಭಾರಿ ಗಾಡಿ, ಭಾರಿ ಗಾಡಿ ಅಂದ್ರು. ಯಾರೂ ಆ ಸೀಳಿದ ಸೀಟು ಮುಟ್ಟಿ ನೋಡ್ಲಿಲ್ಲ. ನೀನು ಒಬ್ಳು ಕುಂಡೆಯಿಂದ ಕೊಂಬಿನವರೆಗೆ ಬೈದೆ. ಮತ್ತೆ ಬಾಗಿಲು." ಅವರು ಸೌಟು ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು. "ಬೇಡಾದ ಗಾಡಿದು ಬಾಗಿಲು ಅಷ್ಟು ಸಲ ಹಾಕ್ತಾರನಾ?"

ನನ್ನ ಕಿವಿ ಬಿಸಿಯಾಯಿತು. ನನ್ನದೇ ಕೌಂಟರಿನ ಎದುರು ನಾನೇ ನಿಂತು ಹುಣಸೆಹಣ್ಣಿನ ಬಣ್ಣಕ್ಕೆ ಬೈದ ಹಾಗಾಗಿತ್ತು. ಜುಲೇಖಾ ಬೀಬಿಯ ಕೈಯಲ್ಲಿ ಮೀಟರ್ ಕಡ್ಡಿಯೊಂದೇ ಇರಲಿಲ್ಲ.

"ಐದೂಮುಕ್ಕಾಲು" ಎಂದರು ಅವರು. "ಅದ್ಕಿಂತ ಕಮ್ಮಿ ಆದ್ರೆ ಅವ್ರಿಗೆ ಅವಮಾನ. ಆರು ಅಂದ್ರೆ ನಿಂಗೆ ಅವಮಾನ."

"ಐದು" ಎಂದೆ, ಬರೀ ಅಭ್ಯಾಸಕ್ಕೆ.

ಅವರು ಸಾರಿಗೆ ಉಪ್ಪು ಹಾಕಿದರು. ನಾನು ಸೋತದ್ದು ಆಗ. ಅಮ್ಮ ನೋಡಿದ್ದರೆ ನನ್ನನ್ನು ಮಗಳು ಎನ್ನುತ್ತಿರಲಿಲ್ಲ. "ಆತು" ಎಂದೆ. ಮಾಸ್ತರಿಗೆ ಗೊತ್ತಿಲ್ಲದ ದುಡ್ಡಿಗೆ ಮನಸ್ಸಿನಲ್ಲೇ ಕೈಮುಗಿದೆ.

"ದುಡ್ಡು ಆತು. ಆದ್ರೆ ಅವ್ರು ಕೊಡುದಿಲ್ಲ ಅಂದ್ರೆ ಕೊಡುದಿಲ್ಲ" ಎಂದರು ಜುಲೇಖಾ ಬೀಬಿ. "ಅವ್ರಿಗೆ ಮೀನು ತಕಂಡು ಗೊತ್ತಿಲ್ಲ ಮಗಾ. ನೀನು ಬೈದದ್ದೆಲ್ಲ ಹಂಗೇ ನಂಬಿದ್ದಾರೆ. ಹೋಗಿ ಒಂದ್ ಸಲ ಚೊಲೋ ಅದೆ ಅನ್ನು."

ನೀವು ನಗಬಹುದು. ಎರಡು ಶಬ್ದ, ಯಾರು ಬೇಕಾದರೂ ಹೇಳುತ್ತಾರೆ. ನಮ್ಮ ಮಾಸ್ತರು ದಿನಕ್ಕೆ ನೂರು ಸಲ ಹೇಳುತ್ತಾರೆ, ಸೀಬೆಕಾಯಿಗೂ ಹೇಳುತ್ತಾರೆ. ನಾನು ಶೆಡ್ಡಿನವರೆಗೆ ಹೋಗಿ, ಹೊದಿಕೆ ಕಟ್ಟಿ ಮುಗಿಸಿ ಸ್ಟೂಲಿನ ಮೇಲೆ ಕುಳಿತಿದ್ದ ಸಾಹೇಬರ ಎದುರು ನಿಂತರೆ ನಾಲಿಗೆ ಏಳಲೊಲ್ಲದು. ಬೇಕಾದದ್ದನ್ನು ಬೇಕು ಎನ್ನಲು, ಚಂದ ಇದ್ದದ್ದನ್ನು ಚಂದ ಎನ್ನಲು ನನಗೆ ಎಲ್ಲಿ ರೂಢಿ? ಇಷ್ಟು ವರ್ಷ ಜೊತೆಗಿದ್ದ ಗಂಡನಿಗೂ ಹೇಳಿದವಳಲ್ಲ. ಸಾಹೇಬರು ತಲೆ ಎತ್ತಿ ನೋಡಿದರು. ಮಂಜು ಕಣ್ಣುಗಳು, ಸ್ವಲ್ಪ ಕೆಂಪಾಗಿದ್ದವು.

"ಸಾಹೇಬ್ರೇ" ಎಂದೆ. "ನಿಮ್ ಗಾಡಿದು... ಬಾಗಿಲು... ಚೊಲೋ ಹಾಕ್ಕಂತದೆ."

ಅಷ್ಟೇ ಬಂದದ್ದು.

ಅವರು ಎದ್ದು, ಕಟ್ಟಿದ ದಾರವನ್ನೆಲ್ಲ ಬಿಚ್ಚಿ, ಹೊದಿಕೆಯನ್ನು ಅರ್ಧ ಸರಿಸಿ, ಹಿಂದಿನ ಬಾಗಿಲು ತೆರೆದರು. ಎರಡೇ ಬೆರಳಿನಿಂದ ಮೆಲ್ಲಗೆ ನೂಕಿದರು. ಧಪ್. ಇಬ್ಬರೂ ಕಿವಿಗೊಟ್ಟು ನಿಂತೆವು.

"ನಾನು ಇದ್ನ ತಕಂಡದ್ದೂ ಅದ್ಕೇ" ಎಂದರು ಸಾಹೇಬರು. "ಇವ್ಳಿಗೆ ಮಾತ್ರ ಹೇಳ್ಲಿಲ್ಲ. ಹುಚ್ಚ ಅಂತಾಳೆ."

ಗೇಟಿನ ಹತ್ತಿರ ನಿಂತಿದ್ದ ಮಾಸ್ತರಿಗೆ ಕೈ ಮಾಡಿ ಕರೆದು, ಇನ್ನು ಆಕಳಿಸುವುದು ಬೇಡ ಎಂದು ಅನುಮತಿ ಕೊಟ್ಟೆ. ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಕಾರನ್ನು ಹೊಗಳಿದರು, ಶೆಡ್ಡನ್ನು ಹೊಗಳಿದರು, ಹಲ್ವವನ್ನು ಸಕ್ಕರೆಯ ಪಾಕದಿಂದ ಹಿಡಿದು ಹೊಗಳಿದರು. ಸಾಹೇಬರ ಮುಖ ನೋಡಬೇಕಿತ್ತು.

ವ್ಯಾಪಾರ ಮುಗಿಯಿತೆಂದ ಮೇಲೆ ನನ್ನ ಮಾನ ಸ್ವಲ್ಪವಾದರೂ ಉಳಿಯಲಿ ಎಂದು, "ಕೊಸರು ಎಂತ ಕೊಡ್ತೀರಿ?" ಎಂದು ಕೇಳಿದೆ. ಹೊದಿಕೆ ಕೊಟ್ಟರು. ಡಿಕ್ಕಿಯಲ್ಲಿದ್ದ ಒರೆಸುವ ಬಟ್ಟೆಯ ಗಂಟು ಕೊಟ್ಟರು. ಒಂದು ಡಬ್ಬಿ ಹಲ್ವ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಜುಲೇಖಾ ಬೀಬಿ, "ನಮ್ಮ ಕೊಸರು?" ಎಂದರು.

ಮಾರಿದವರು ಕೊಸರು ಕೇಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ತಿಂಗ್ಳಿಗೆ ಒಂದ್ ಸಲ ಗಾಡಿ ತನ್ನಿ. ಇವ್ರನ್ನ ಕೂರಿಸ್ಕಂಡು ಹೊನ್ನಾವರ ಸೇತುವೆವರೆಗೆ ಹೋಗಿ ಬನ್ನಿ. ಇಲ್ದಿದ್ರೆ ಈ ಖಾಲಿ ಶೆಡ್ಡು ನೋಡ್ಕಂಡು ನನ್ ತಲೆ ತಿಂತಾರೆ."

ಹಾಗೆ ಶುರುವಾಯಿತು ನಮ್ಮ ತಿಂಗಳ ಸವಾರಿ. ಮಾಸ್ತರು ಓಡಿಸುತ್ತಾರೆ. ಸಾಹೇಬರು ಮುಂದೆ ಕೂರುತ್ತಾರೆ. ನಾನು ಹಿಂದೆ ಕಾಲು ಚಾಚಿ ಕೂರುತ್ತೇನೆ. ಜಾಲಿಯಲ್ಲಿ ಹತ್ತಿದ ಕೂಡಲೇ ಸಾಹೇಬರು ಬೈಯಲು ಶುರು. ಗಾಡಿ ತೊಳೆದದ್ದು ಸರಿಯಿಲ್ಲ. ಮಾಸ್ತರು ಗೇರ್ ಹಾಕುವುದು ಒನಕೆ ಹಿಡಿದ ಹಾಗೆ. ಟೈರಿನಲ್ಲಿ ಗಾಳಿ ಕಮ್ಮಿ. ಡಿಕ್ಕಿಯಲ್ಲಿ ಮೀನಿನ ವಾಸನೆ, ಅದೂ ಒಳ್ಳೆಯ ಮೀನಲ್ಲ. ಮುರ್ಡೇಶ್ವರದ ತಿರುವು ದಾಟಿದರೂ ಬೈಗುಳ ಮುಗಿಯುವುದಿಲ್ಲ. ಮಾಸ್ತರು ಒಂದೊಂದಕ್ಕೂ "ಹೌದು, ಚೊಲೋ ಹೇಳಿದ್ರಿ" ಎಂದು ಹೊಗಳುತ್ತಾರೆ. ಸೇತುವೆಯ ಆಚೆ ಗಾಡಿ ತಿರುಗಿಸುವ ಮೊದಲು ಸ್ವಲ್ಪ ನಿಲ್ಲಿಸುತ್ತೇವೆ. ಶರಾವತಿಯ ಗಾಳಿ, ದೂರದಲ್ಲಿ ಮಾವಿನಕುರ್ವೆಯ ತೆಂಗು. ಸಾಹೇಬರು ಇಳಿದು ಒಂದು ಸುತ್ತು ಹಾಕಿ ಹೊಸ ಗೀರು ಹುಡುಕುತ್ತಾರೆ. ಸಿಕ್ಕರೆ ಅವರಿಗೆ ಖುಷಿ.

ಕಳೆದ ಸಲ ಹಾಗಾಗಲಿಲ್ಲ. ಸಾಹೇಬರು ಬಂದು ಕುಳಿತವರು ಮಾತೇ ಆಡಲಿಲ್ಲ. ಕಣ್ಣು ಇನ್ನಷ್ಟು ಮಂಜಾಗಿದೆ ಎಂದು ಬೀಬಿ ಗೇಟಿನಲ್ಲೇ ನನ್ನ ಕಿವಿಯಲ್ಲಿ ಹೇಳಿದ್ದರು. ಮಾಸ್ತರು ಬೇಕೆಂದೇ ಗೇರನ್ನು ಕರಕರ ಎನ್ನಿಸಿದರು. ಅದಕ್ಕೂ ಬೈಗುಳವಿಲ್ಲ. ಮುರ್ಡೇಶ್ವರ ಬಂತು, ಮಂಕಿ ಬಂತು, ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕುಳಿತೇ ಇದ್ದಾರೆ. ಸೇತುವೆಯ ಹತ್ತಿರ ಇಳಿದರು, ಸುತ್ತು ಹಾಕಲಿಲ್ಲ. ನದಿಯ ಕಡೆ ಮುಖ ಮಾಡಿ ನಿಂತರು. ಕಾಣುತ್ತಿತ್ತೋ ಇಲ್ಲವೋ. ನನಗೆ ನಮ್ಮ ಜಗಲಿಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತ ದೇವಮ್ಮ ನೆನಪಾದಳು.

ನಾನು ಇಳಿದೆ. ಹಿಂದಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೆ. ನನಗೆ ಎಷ್ಟು ಸಂಕಟವಾಯಿತೆಂದು ಆ ಬಾಗಿಲಿಗೇ ಗೊತ್ತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಬಡಿದೆ.

ಸಾಹೇಬರು ಗಿರಕ್ಕನೆ ತಿರುಗಿದರು.

"ಯಾ ಅಲ್ಲಾ! ಎಂತ ಬಾಯಿ ನೀವು, ಅದೆಂತ ಟೆಂಪೊ ಬಾಗಿಲಾ? ಕೈಯಾ ಒನಕೆಯಾ ಅದು? ಇಂಥವ್ರಿಗೆ ಗಾಡಿ ಕೊಟ್ಟೆ ನಾನು!" ಎಂದು ಶುರುಮಾಡಿದವರು, ವಾಪಸ್ಸು ಜಾಲಿಯ ಗೇಟು ಬರುವವರೆಗೂ ನಿಲ್ಲಿಸಲಿಲ್ಲ. ನಾನು ಹಿಂದೆ ಕಾಲು ಚಾಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ.